ಅಕ್ಕ ಕೊಟ್ಟ ನಡತೆ ಪತ್ರ

ಫೆಬ್ರವರಿ ೩

ಅಕ್ಕನಿಗೆ ತಮ್ಮನ ನಮಸ್ಕಾರ.

ಕಿವಿಗೆ ಹಾಕಿಸಿಕೊಂಡ ಹೊಸ ಯಂತ್ರವೂ ಪ್ರಯೋಜನಕ್ಕೆ ಬರಲಿಲ್ಲ ಎಂದು ಬರೆದಿದ್ದೀಯ. ಅಲ್ಲಿಗೆ ಫೋನಿನ ಆಸೆ ಬಿಟ್ಟ ಹಾಗೆ. ಹೋದ ಸಲ ನಾನು ಕೂಗಿದ ಕೂಗಿಗೆ ಪಕ್ಕದ ಕೋಣೆಯವನು ಬಂದು ಬಾಗಿಲು ಬಡಿದ. ನೀನು ಮಾತ್ರ "ಸ್ವಲ್ಪ ಜೋರಾಗಿ ಮಾತಾಡೋ" ಅಂತಲೇ ಇದ್ದೆ. ನಮಗೆ ಕಾಗದವೇ ಸರಿ. ಹನ್ನೆರಡು ದಿನ ತಡವಾದರೂ ಪೂರ್ತಿ ಕೇಳಿಸುತ್ತದೆ.

ನಾನು ಹಳೇ ಮನೆ ಬಿಟ್ಟೆ. ಅಲ್ಲಿಂದ ಇವಳಿರುವ ಆರೈಕೆ ಮನೆಗೆ ಎರಡು ಬಸ್ಸು ಹಿಡಿಯಬೇಕಿತ್ತು, ಮೊಣಕಾಲು ಬೇಡ ಅಂದಿತು. ಈಗ ಆರೈಕೆ ಮನೆಯ ಹಿಂದಿನ ಓಣಿಯಲ್ಲೇ ಒಂದು ಕೋಣೆ ಹಿಡಿದಿದ್ದೇನೆ. ಒಂದು ಮಂಚ, ಒಂದು ಮೇಜು, ಒಂದು ಒಲೆ. ಕಿಟಕಿ ತೆಗೆದರೆ ಅವರ ಬಟ್ಟೆ ಒಗೆಯುವ ಕಟ್ಟಡದ ಬಿಸಿನೀರಿನ ಕೊಳವೆ ಕಾಣುತ್ತದೆ. ನೋಟ ಚೆನ್ನಾಗಿಲ್ಲ, ಆದರೆ ನಡೆದರೆ ನಾಲ್ಕು ನಿಮಿಷಕ್ಕೆ ಅವಳ ಹಾಸಿಗೆಯ ಪಕ್ಕ ಇರುತ್ತೇನೆ.

ರೇಡಿಯೋ ಹಾಗೇ ಇದ್ದಾಳೆ. ಮದುವೆಯಾದ ವಾರದಲ್ಲೇ ನನ್ನ ಹೆಂಡತಿಗೆ ಆ ಹೆಸರಿಟ್ಟವಳು ನೀನು, "ಬೆಳಿಗ್ಗೆ ಹಚ್ಚಿದರೆ ರಾತ್ರಿ ತನಕ ಆಫ್ ಆಗಲ್ಲ" ಅಂತ. ಲಕ್ವ ಹೊಡೆದು ಇವತ್ತಿಗೆ ಹದಿನಾಲ್ಕು ತಿಂಗಳು, ಒಂದು ಮಾತಿಲ್ಲ. ಮೂಗಿಗೆ ಹಾಕಿದ ನಳಿಕೆಯಲ್ಲೇ ಊಟ. ನನ್ನ ಬೆರಳು ಹಿಡಿದರೆ ಮಾತ್ರ ಬಿಡುವುದಿಲ್ಲ.

ಒಂದು ಸಂತೋಷದ ಸುದ್ದಿ ಇದೆ. ಇಲ್ಲಿ ನೋಡಲು ಬಿಡುವುದು ಸಂಜೆ ನಾಲ್ಕರಿಂದ ಐದು, ಒಂದೇ ಗಂಟೆ. ಹೋದ ತಿಂಗಳು ಪಡಸಾಲೆಯಲ್ಲಿ ಹೋಗುವಾಗ ಬಟ್ಟೆಕೋಣೆಯಿಂದ ಹೊಲಿಗೆ ಯಂತ್ರದ ಸದ್ದು ಬಂತು. ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿತ್ತು. ಮೂವತ್ತೆಂಟು ವರ್ಷ ಗಾರ್ಮೆಂಟ್ಸಿನಲ್ಲಿ ಮೆಕ್ಯಾನಿಕ್ ಆಗಿದ್ದವನಿಗೆ ಆ ಸದ್ದು ಕೇಳಿಸಿಕೊಂಡು ಮುಂದೆ ಹೋಗಲು ಆಗುತ್ತದೆಯೇ? ಒಳಗೆ ಹೋಗಿ ಸೂಜಿ ಬದಲಾಯಿಸಿ, ದಾರ ಹಿಡಿಯುವ ಹುಕ್ಕು ಸರಿಮಾಡಿ ಕೊಟ್ಟೆ. ಅಲ್ಲಿ ಹಾಸಿಗೆ ಬಟ್ಟೆ ಹೊಲಿಯುವ ದರ್ಜಿಯಮ್ಮನಿಗೆ ಹಿಗ್ಗೋ ಹಿಗ್ಗು. ಅಂಥ ನಾಲ್ಕು ಯಂತ್ರ ಇವೆ, ನಾಲ್ಕೂ ರೋಗಿಗಳೇ. ಮೇಟ್ರನ್ ಬಂದು ನೋಡಿ, "ದಿನಾ ಬೆಳಿಗ್ಗೆ ಬಂದು ಯಂತ್ರ ನೋಡಿ, ಆಮೇಲೆ ಹತ್ತರಿಂದ ಹನ್ನೆರಡು ನಿಮ್ಮ ಹೆಂಡತಿ ಹತ್ತಿರ ಕೂತ್ಕೊಳ್ಳಿ, ಯಾರೂ ಕೇಳಲ್ಲ" ಅಂದರು. ಈಗ ದಿನಕ್ಕೆ ಮೂರು ಗಂಟೆ ಅವಳ ಹತ್ತಿರ ಇರುತ್ತೇನೆ. ಹತ್ತು ಗಂಟೆಗೆ ಸರಿಯಾಗಿ ಅವಳ ಕಣ್ಣು ಬಾಗಿಲ ಕಡೆ ತಿರುಗುತ್ತದೆ.

ಈಗ ನಿನ್ನಿಂದ ಒಂದು ಉಪಕಾರ. ಈ ದೇಶದಲ್ಲಿರಲು ನನಗೆ ಕೊಟ್ಟ ನಿವೃತ್ತರ ವೀಸಾ ವರ್ಷಕ್ಕೊಮ್ಮೆ ಹೊಸದಾಗಬೇಕು. ಅದಕ್ಕೆ ಹದಿನಾಲ್ಕು ಷರತ್ತು. ಪಿಂಚಣಿ ಬರುತ್ತಿರಬೇಕು, ವಿಮೆ ಇರಬೇಕು, ಮೂರು ತಿಂಗಳಿಗೊಮ್ಮೆ ಹೋಗಿ ಮುಖ ತೋರಿಸಬೇಕು, ಮನೆ ಬದಲಾಯಿಸಿದರೆ ಏಳು ದಿನದಲ್ಲಿ ತಿಳಿಸಬೇಕು. ಉಳಿದವು ನಿನಗೆ ಬೇಡ, ಓದಿದರೆ ನಿದ್ದೆ ಬರುತ್ತದೆ. ನಾನು ಮನೆ ಬದಲಾಯಿಸಿದ್ದನ್ನು ನಲವತ್ತನೇ ದಿನಕ್ಕೆ ತಿಳಿಸಿದೆ. ಸಣ್ಣ ತಪ್ಪು. ಊರಿನ ಗೌರವಸ್ಥರೊಬ್ಬರಿಂದ ನಡತೆ ಪತ್ರ ತಂದರೆ ಸಾಕು ಅಂದರು. ಹೆಡ್‌ಮಿಸ್ಟ್ರೆಸ್ ಆಗಿದ್ದ ಅಕ್ಕನನ್ನು ಬಿಟ್ಟು ಇನ್ನಾವ ಗೌರವಸ್ಥರನ್ನು ಹುಡುಕಲಿ? ಎರಡೇ ಸಾಲು ಬರೆದು ನನಗೆ ಕಳಿಸು. ಕಚೇರಿಯ ವಿಳಾಸ, ನನ್ನ ಫೈಲಿನ ಸಂಖ್ಯೆ ಇರುವ ನಮೂನೆಯನ್ನು ಜೊತೆಗೆ ಇಟ್ಟಿದ್ದೇನೆ.

ನಿನ್ನ ತಮ್ಮ


ಫೆಬ್ರವರಿ ೧೭

ತಮ್ಮನಿಗೆ ಅಕ್ಕನ ಆಶೀರ್ವಾದ.

ನಲವತ್ತನೇ ದಿನ! ಅರವತ್ತೇಳು ವರ್ಷ ಆದರೂ ನಿನ್ನ ಬುದ್ಧಿ ಅದೇ. ಹೋಂವರ್ಕನ್ನು ನಾಳೆ ತರುತ್ತೇನೆ ಅನ್ನುತ್ತಿದ್ದವನು ನೀನು. ಹೋಗಲಿ, ನಿನ್ನ ಕೆಲಸ ಆಯಿತು ಅಂದುಕೋ. ಕಾಗದ ಕೈಗೆ ಬಂದ ದಿನವೇ ಕೂತು ಬರೆದು, ಮಾರನೇ ದಿನ ರಿಜಿಸ್ಟರ್ ಪೋಸ್ಟಿನಲ್ಲಿ ನೇರ ಆ ಕಚೇರಿಗೇ ಕಳಿಸಿದೆ.

ನಿನಗೆ ಯಾಕೆ ಕಳಿಸಲಿಲ್ಲ ಅಂತ ಕೇಳುತ್ತೀಯ. ಮೂವತ್ತಾರು ವರ್ಷ ನಡತೆ ಪತ್ರ ಬರೆದವಳು ಕಣೋ ನಾನು. ಯಾರ ನಡತೆಯೋ ಅವರ ಕೈಗೇ ಅದನ್ನು ಕೊಡಬಾರದು, ಮುಚ್ಚಿದ ಲಕೋಟೆಯಲ್ಲಿ ಕೇಳಿದವರಿಗೆ ಹೋಗಬೇಕು. ಹುಡುಗ ಹೊತ್ತು ತಂದ ಸರ್ಟಿಫಿಕೇಟಿಗೆ ಮೂರು ಕಾಸಿನ ಬೆಲೆ ಇಲ್ಲ. ತಮ್ಮ ಅಂತ ನಿನಗೊಂದು, ಊರಿಗೊಂದು ಮಾಡಲಾಗುತ್ತದೆಯೇ?

ಎರಡೇ ಸಾಲು ಅಂದಿದ್ದೆ. "ಇವರು ಸಜ್ಜನರು" ಅಂತ ಎರಡು ಸಾಲು ಗೀಚುವುದು ಸೋಮಾರಿ ಹೆಡ್‌ಮಾಸ್ಟರುಗಳ ಲಕ್ಷಣ. ಒಳ್ಳೆಯವನು ಅಂತ ಬರೆದರೆ ಸಾಲದು, ಏನು ಮಾಡಿ ಒಳ್ಳೆಯವನಾದ ಅಂತ ಬರೆಯಬೇಕು. ನಾನು ಒಂದೂವರೆ ಪುಟ ಬರೆದೆ. ನಿನ್ನ ಕಾಗದವನ್ನು ಮುಂದಿಟ್ಟುಕೊಂಡೇ ಬರೆದೆ, ಒಂದು ಅಕ್ಷರ ಕಟ್ಟಿ ಹೇಳಿದ್ದಿಲ್ಲ. ನಡುವಿನ ಭಾಗ ನಿನಗಾಗಿ ಇಳಿಸಿದ್ದೇನೆ, ಓದಿ ಸ್ವಲ್ಪ ಉಬ್ಬು:

"ಇವರು ಸುಮ್ಮನೆ ಕುಳಿತು ಪಿಂಚಣಿ ತಿನ್ನುವವರಲ್ಲ. ತಮ್ಮ ಪತ್ನಿ ಇರುವ ಆರೈಕೆ ಮನೆಯಲ್ಲಿ ಕೆಟ್ಟು ನಿಂತಿದ್ದ ನಾಲ್ಕು ಹೊಲಿಗೆ ಯಂತ್ರಗಳನ್ನು ಪ್ರತಿದಿನ ಬೆಳಿಗ್ಗೆ ಹೋಗಿ ದುರಸ್ತಿ ಮಾಡುತ್ತಾರೆ. ಇದಕ್ಕಾಗಿ ಒಂದು ಬಿಡಿಗಾಸನ್ನೂ ಪಡೆಯುವುದಿಲ್ಲ. ಇವರ ಸೇವೆಯನ್ನು ಮೆಚ್ಚಿ ಅಲ್ಲಿನ ಮೇಟ್ರನ್, ದಿನಕ್ಕೆ ಎರಡು ಗಂಟೆ ಹೆಚ್ಚಾಗಿ ಪತ್ನಿಯ ಬಳಿ ಇರಲು ಅವಕಾಶ ನೀಡಿದ್ದಾರೆ. ನಿಮ್ಮ ದೇಶಕ್ಕೆ ಇಂಥವರು ಹೊರೆಯಲ್ಲ, ಆಸ್ತಿ."

ಹೇಗಿದೆ? ಆ ಕಚೇರಿಯವರು ಇದನ್ನು ಓದಿ ನಿನಗೆ ಕುರ್ಚಿ ಹಾಕಿ ಕೂರಿಸದಿದ್ದರೆ ಕೇಳು. ರೇಡಿಯೋಗೆ ನಾನು ಕೇಳಿದೆ ಅಂತ ಹೇಳು. ಮಾತಾಡದಿದ್ದರೂ ಕೇಳಿಸಿಕೊಳ್ಳುತ್ತಾಳೆ. ನನಗಿಂತ ವಾಸಿ.

ಅಕ್ಕ


ಮಾರ್ಚ್ ೧೨

ತಮ್ಮನಿಗೆ ಆಶೀರ್ವಾದ.

ನನ್ನ ಕಾಗದ ನಿನಗೆ ಫೆಬ್ರವರಿ ಕೊನೆಗೇ ಸೇರಿರಬೇಕು. ಒಂದು ಸಾಲು ಇಲ್ಲ. ಕೆಲಸ ಆದ ಮೇಲೆ ಅಕ್ಕ ಯಾರು, ನೀನು ಯಾರು, ಅಲ್ಲವೇ? ತಮಾಷೆಗೆ ಹೇಳಿದೆ. ಹೊಗಳಿಸಿಕೊಂಡರೆ ನಿನಗೆ ಚಿಕ್ಕಂದಿನಿಂದಲೂ ನಾಚಿಕೆ, ಅದಕ್ಕೇ ಉತ್ತರ ಬರೆಯಲು ಕೈ ಬಂದಿಲ್ಲ ಅಂದುಕೊಂಡಿದ್ದೇನೆ.

ನನ್ನ ಹಳೇ ಸಹೋದ್ಯೋಗಿ, ಗಣಿತದ ಮೇಡಂ, ಬಂದಿದ್ದರು. ನಡತೆ ಪತ್ರದ ನಕಲು ತೋರಿಸಿದೆ. "ಇಷ್ಟು ಚೆನ್ನಾಗಿ ನನ್ನ ಬಗ್ಗೆ ಯಾರಾದರೂ ಬರೆದಿದ್ದರೆ ಇನ್ನೂ ಹತ್ತು ವರ್ಷ ಸರ್ವೀಸ್ ಮಾಡ್ತಿದ್ದೆ" ಅಂದರು. ವೀಸಾ ಕೈಗೆ ಬಂದ ತಕ್ಷಣ ಬರೆ.

ಅಕ್ಕ


ಮಾರ್ಚ್ ೨೧

ಅಕ್ಕನಿಗೆ ನಮಸ್ಕಾರ.

ತಡವಾಯಿತು, ಹೊಟ್ಟೆಗೆ ಹಾಕಿಕೋ. ವೀಸಾ ಆಗಲಿಲ್ಲ. ಮಾರ್ಚ್ ಹದಿನೆಂಟಕ್ಕೆ ಆದೇಶ ಕೊಟ್ಟರು. ವಿಳಾಸ ತಿಳಿಸಲು ತಡ ಮಾಡಿದ್ದೇ ಕಾರಣ. ನಲವತ್ತು ದಿನ ಅಂದರೆ ಅವರಿಗೆ ಸಣ್ಣದಲ್ಲವಂತೆ. ನಿನ್ನ ಪತ್ರ ತಲುಪಿತು, ಚೆನ್ನಾಗಿತ್ತು ಅಂದರು. ಆದರೆ ನಿಯಮ ನಿಯಮವೇ.

ನಲವತ್ತೈದು ದಿನದೊಳಗೆ, ಅಂದರೆ ಮೇ ಎರಡರೊಳಗೆ, ಮೇಲಿನವರಿಗೆ ಅರ್ಜಿ ಹಾಕಬಹುದು. ಹಾಕದಿದ್ದರೆ ಅಲ್ಲಿಂದ ಒಂದು ವಾರದಲ್ಲಿ ದೇಶ ಬಿಡಬೇಕು, ಬಿಟ್ಟರೆ ಐದು ವರ್ಷ ಕಾಲಿಡುವಂತಿಲ್ಲ. ಹಠ ಮಾಡಿ ಉಳಿದರೆ ಹಿಡಿದು ಕೂಡಿಹಾಕಿ ಆಮೇಲೆ ಕಳಿಸುತ್ತಾರೆ, ಆಗ ಮತ್ತೆಂದೂ ಬರುವಂತಿಲ್ಲ.

ರೇಡಿಯೋಳ ವೀಸಾ ನನ್ನದಕ್ಕೆ ಗಂಟು ಹಾಕಿದ್ದು. ನನ್ನದು ಹೋದರೆ ಅವಳದೂ ಹೋಯಿತು. ಆದರೆ ವೈದ್ಯರು ಅವಳನ್ನು ವಿಮಾನಕ್ಕೆ ಹತ್ತಿಸಲು ಬಿಡುವುದಿಲ್ಲ. ಎದೆಯಲ್ಲಿ ನೀರು ತುಂಬುತ್ತದೆ, ಮಲಗಿಸಿಕೊಂಡು ಹೋದರೂ ದಾರಿಯಲ್ಲೇ ಮುಗಿಯುತ್ತದೆ ಎಂದು ಬರೆದುಕೊಟ್ಟಿದ್ದಾರೆ. ಆ ಚೀಟಿ ಇಟ್ಟುಕೊಂಡು ಅವಳಿಗೆ ಬೇರೆ ಅನುಮತಿ ಕೊಟ್ಟರು. ಕಚೇರಿಯಲ್ಲಿ ಗಾಜಿನ ಹಿಂದೆ ಕೂತಿದ್ದ ಹೆಂಗಸನ್ನು ಕೇಳಿದೆ, "ಹಾಗಾದರೆ ನನಗೆ?" ಅಂತ. "ನೀವು ರೋಗಿ ಅಲ್ವಲ್ಲ ಸರ್" ಅಂದಳು. ನಿಷ್ಠುರವಾಗಿ ಹೇಳಲಿಲ್ಲ, ಪಾಪ. ಅವಳಿಗೂ ನನ್ನ ಮುಖ ನೋಡಲು ಆಗುತ್ತಿರಲಿಲ್ಲ.

ಒಬ್ಬ ವಕೀಲರನ್ನು ಹಿಡಿದಿದ್ದೇನೆ. ಏನೋ ದಾರಿ ಇದೆ ಅನ್ನುತ್ತಾರೆ. ನೀನು ತಲೆ ಕೆಡಿಸಿಕೊಳ್ಳಬೇಡ, ನಿನ್ನ ಪತ್ರಕ್ಕೂ ಇದಕ್ಕೂ ಸಂಬಂಧ ಇಲ್ಲ.

ತಮ್ಮ


ಏಪ್ರಿಲ್ ೨

ತಮ್ಮ,

ನಿನ್ನ ಕಾಗದ ಬರುವ ಮೂರು ದಿನ ಮೊದಲೇ ಆದೇಶದ ನಕಲು ನನಗೆ ಬಂದಿತ್ತು. ನಡತೆ ಪತ್ರ ಕೊಟ್ಟವರಿಗೂ ಒಂದು ಪ್ರತಿ ಕಳಿಸಬೇಕು ಅಂತ ಅವರ ನಿಯಮವಂತೆ. ನನ್ನ ಹೆಸರಿಗೇ ರಿಜಿಸ್ಟರ್. ಅಂಚೆಯವನ ಮುಂದೆ ನಗುನಗುತ್ತಾ ಸಹಿ ಹಾಕಿದೆ, ತಮ್ಮನ ವೀಸಾ ಬಂತು ಅಂತ ಅವನಿಗೂ ಹೇಳಿದೆ.

ಅದರಲ್ಲಿ ವಿಳಾಸದ ಮಾತು ಒಂದೇ ಸಾಲು: "ತಡವನ್ನು ಮನ್ನಿಸಲಾಗಿದೆ." ನಾಲ್ಕನೇ ಪ್ಯಾರಾ ಪೂರ್ತಿ ನನ್ನದು. ನನ್ನ ವಾಕ್ಯಗಳನ್ನೇ ಎತ್ತಿ ಹಾಕಿದ್ದಾರೆ. ನಿವೃತ್ತರ ವೀಸಾದಲ್ಲಿರುವವರು ಸಂಬಳಕ್ಕಾಗಲಿ, ಸಂಬಳವಿಲ್ಲದೆಯಾಗಲಿ ಯಾವ ಕೆಲಸವನ್ನೂ ಮಾಡಕೂಡದು, ಒಂಬತ್ತನೇ ಷರತ್ತು. ದಿನಾ ಬೆಳಿಗ್ಗೆ ಹೋಗಿ ಯಂತ್ರ ದುರಸ್ತಿ ಮಾಡಿದ್ದು ಕೆಲಸ. ಹೆಂಡತಿಯ ಹತ್ತಿರ ಕೂರಲು ಸಿಕ್ಕ ಎರಡು ಗಂಟೆ ಅದರ ಪ್ರತಿಫಲ. ಇದನ್ನು ಹೇಳಿದವರು ಯಾರೋ ಶತ್ರುಗಳಲ್ಲ, ಅರ್ಜಿದಾರರ ಸ್ವಂತ ಅಕ್ಕ, ಗೌರವಾನ್ವಿತ ನಿವೃತ್ತ ಮುಖ್ಯೋಪಾಧ್ಯಾಯಿನಿ, ಆದ್ದರಿಂದ ಅನುಮಾನಿಸಲು ಕಾರಣವಿಲ್ಲ ಅಂತ ಬರೆದಿದ್ದಾರೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ.

ನೀನು ಸುಳ್ಳು ಬರೆದೆ. ನನ್ನನ್ನು ಉಳಿಸಲು ಅಂತ ನನಗೆ ಗೊತ್ತು. ಆದರೆ ಮೊದಲ ಕಾಗದದಲ್ಲಿ "ಉಳಿದ ಷರತ್ತು ನಿನಗೆ ಬೇಡ, ನಿದ್ದೆ ಬರುತ್ತದೆ" ಅಂದೆಯಲ್ಲ, ಆಗಲೇ ನಿನಗೆ ಗೊತ್ತಿತ್ತು. ಒಂಬತ್ತನೆಯದನ್ನು ಓದಿಯೇ ಬಟ್ಟೆಕೋಣೆಗೆ ಹೋಗುತ್ತಿದ್ದೆ. ಅಕ್ಕ ಬೈಯುತ್ತಾಳೆ ಅಂತ ಮುಚ್ಚಿಟ್ಟೆ. ಒಂದು ಸಾಲು, ಒಂದೇ ಒಂದು ಸಾಲು ನನಗೆ ಹೇಳಿದ್ದರೆ ನಾನು ಆ ಯಂತ್ರದ ಮಾತು ಎತ್ತುತ್ತಿದ್ದೆನೇ?

ಬೈಯಲು ಕೂತವಳಲ್ಲ, ಆದರೂ ಬೈದೆ. ಎರಡು ದಿನದಿಂದ ಊಟ ಸೇರುತ್ತಿಲ್ಲ. ನಾನೇನು ಮಾಡಲಿ ಹೇಳು. ಏನು ಬೇಕಾದರೂ ಮಾಡುತ್ತೇನೆ.

ಅಕ್ಕ

ಮೂರು ಪಟ್ಟು ದುಡ್ಡಾದರೂ ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ. ನಾಲ್ಕು ದಿನಕ್ಕೆ ಸೇರುತ್ತದೆ. ನೀನೂ ಹಾಗೇ ಮಾಡು.


ಏಪ್ರಿಲ್ ೮

ಅಕ್ಕ,

ಗೊತ್ತಾಯಿತಲ್ಲ, ಒಳ್ಳೆಯದೇ ಆಯಿತು. ಇನ್ನು ನಾನೂ ನಿಜವನ್ನೇ ಬರೆಯುತ್ತೇನೆ.

ಫೆಬ್ರವರಿ ಕೊನೆಯಲ್ಲಿ ನಿನ್ನ ಕಾಗದ ಓದಿದಾಗ ನನಗೆ ನಿನ್ನ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಎರಡು ಸಾಲು ಬರೆ ಅಂದರೆ ಎರಡು ಸಾಲು ಬರೆಯಲು ಏನಾಗಿತ್ತು ಇವಳಿಗೆ? ನನಗೆ ಕಳಿಸು ಅಂದರೆ ನನಗೆ ಕಳಿಸಲು ಏನು ರೋಗ? ಮೂರು ವಾರ ಪೆನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ನೀನು ತಡೆಯಲಾರದ ಮಾತು ಬರೆಯುತ್ತಿದ್ದೆ. ಆಮೇಲೆ ನೀನು ಹೇಳಿದ್ದೇ ನನಗೂ ಹೊಳೆಯಿತು. ಒಂಬತ್ತನೇ ಷರತ್ತು ಓದಿಯೇ ಹೋಗುತ್ತಿದ್ದೆ. ಸ್ಕ್ರೂ ತಿರುಗಿಸುವುದನ್ನು ಯಾರು ನೋಡುತ್ತಾರೆ ಅಂದುಕೊಂಡೆ. ಎರಡು ಗಂಟೆ, ಅಕ್ಕ. ಅದಕ್ಕೆ ನಾನು ಯಂತ್ರವನ್ನಲ್ಲ, ಆ ಕಟ್ಟಡವನ್ನೇ ದುರಸ್ತಿ ಮಾಡುತ್ತಿದ್ದೆ.

ಈಗ ಬೆಳಗಿನ ಹೊತ್ತು ಬಿಡುವುದಿಲ್ಲ. ಮೇಟ್ರನ್ನಿಗೂ ನೋಟಿಸು ಬಂತು, ದರ್ಜಿಯಮ್ಮನನ್ನು ಕೂರಿಸಿ ಪ್ರಶ್ನೆ ಕೇಳಿದರಂತೆ. ಸಂಜೆ ಒಂದೇ ಗಂಟೆ. ಹತ್ತು ಗಂಟೆಗೆ ರೇಡಿಯೋ ಇನ್ನೂ ಬಾಗಿಲ ಕಡೆ ತಿರುಗುತ್ತಾಳೆ ಅಂತ ದರ್ಜಿಯಮ್ಮ ಹೇಳಿದಳು. ನಾನು ಆ ಹೊತ್ತಿಗೆ ನಾಲ್ಕು ನಿಮಿಷದ ದೂರದಲ್ಲಿ ಮಂಚದ ಮೇಲೆ ಕೂತಿರುತ್ತೇನೆ.

ವಕೀಲರು ಹೇಳುವ ದಾರಿ ಒಂದೇ. ಆದೇಶ ನಿಂತಿರುವುದು ನಿನ್ನ ಪತ್ರದ ಮೇಲೆ. ಮೇಟ್ರನ್ ಆಗಲಿ, ದರ್ಜಿಯಮ್ಮ ಆಗಲಿ ಏನನ್ನೂ ಒಪ್ಪಿಕೊಂಡಿಲ್ಲ, "ಸಂಜೆ ಬರ್ತಾರೆ, ಹೋಗ್ತಾರೆ" ಅಂತಷ್ಟೇ ಹೇಳಿದ್ದಾರೆ. ಆ ಹೊಲಿಗೆ ಯಂತ್ರದ ಭಾಗವೆಲ್ಲ ನೀನೇ ಕಟ್ಟಿ ಬರೆದದ್ದು, ತಮ್ಮನನ್ನು ಮೇಲೆತ್ತಲು ಸುಳ್ಳು ಸೇರಿಸಿದೆ, ವಯಸ್ಸಾಗಿದೆ, ಕ್ಷಮಿಸಿ ಅಂತ ನೀನು ಇನ್ನೊಂದು ಪತ್ರ ಬರೆದು ಸಹಿ ಹಾಕಿದರೆ ಮೇಲ್ಮನವಿಗೆ ಕಾಲು ಬರುತ್ತದೆ. ಅದಿಲ್ಲದಿದ್ದರೆ ಹಾಕಲು ಏನೂ ಇಲ್ಲ. ನಕಲು ನಡೆಯುವುದಿಲ್ಲ, ಶಾಯಿಯ ಸಹಿ ಇರುವ ಮೂಲ ಪ್ರತಿಯೇ ಮೇ ಎರಡರೊಳಗೆ ಇಲ್ಲಿರಬೇಕು.

ಏನು ಬೇಕಾದರೂ ಮಾಡುತ್ತೇನೆ ಅಂದೆಯಲ್ಲ. ಇದನ್ನು ಮಾಡು.

ತಮ್ಮ


ಏಪ್ರಿಲ್ ೧೪

ತಮ್ಮ,

ಎರಡು ದಿನ ಹಾಳೆ ಮುಂದಿಟ್ಟುಕೊಂಡು ಕೂತೆ. ಆಗಲಿಲ್ಲ.

ನೀನು ಕೇಳಿದ್ದು ಸಣ್ಣದು ಅಂತ ನಿನಗೆ ಅನ್ನಿಸಬಹುದು. ಮೂವತ್ತಾರು ವರ್ಷದಲ್ಲಿ ಎಷ್ಟು ಸಾವಿರ ಮಕ್ಕಳಿಗೆ ನನ್ನ ಸಹಿ ಹೋಗಿದೆಯೋ. ಶಾಲಾ ಸಮಿತಿಯ ಅಧ್ಯಕ್ಷರ ಮಗ ಪರೀಕ್ಷೆಯಲ್ಲಿ ಕಾಪಿ ಹೊಡೆದಾಗ, ನಡತೆ ಪತ್ರದಲ್ಲಿ ಅದನ್ನು ಬಿಡಿ ಅಂದರು. ಬಿಡಲಿಲ್ಲ. ಮೂರು ವರ್ಷ ನನ್ನನ್ನು ಮೂಲೆಯ ಶಾಲೆಗೆ ಹಾಕಿದರು. ಆಗ ಬಸ್ಸಿಲ್ಲದ ದಾರಿಯಲ್ಲಿ ನಡೆದೇ ಹೋದೆ, ಒಂದು ದಿನ ಬೇಜಾರಾಗಲಿಲ್ಲ. ಈಗ ನಾನು ನಿಜ ಬರೆದ ಒಂದು ಪತ್ರವನ್ನು ಸುಳ್ಳು ಅಂತ ಸುಳ್ಳು ಬರೆಯಬೇಕು. ನನ್ನ ಕೈ ಏಳುತ್ತಿಲ್ಲ.

ಬೇರೆ ದಾರಿ ಇರಲೇಬೇಕು. ವಕೀಲರನ್ನು ಬದಲಾಯಿಸು. ಅಲ್ಲಿನ ದೊಡ್ಡ ಅಧಿಕಾರಿಯ ಹೆಸರು ಕೊಡು, ನಾನೇ ಇದ್ದದ್ದು ಇದ್ದ ಹಾಗೆ ಬರೆದು ಬೇಡಿಕೊಳ್ಳುತ್ತೇನೆ. ಅವನೂ ಯಾವುದೋ ತಾಯಿಯ ಮಗ, ನಿಜ ಹೇಳಿದರೆ ಕರಗುತ್ತಾನೆ. ನಿಜ ಹೇಳಿ ಕೆಟ್ಟವರಿಲ್ಲ ಕಣೋ.

ಅಕ್ಕ


ಏಪ್ರಿಲ್ ೧೯

ಅಕ್ಕನಿಗೆ,

ಸರಿ. ನಿನಗೆ ಆಗದಿದ್ದರೆ ಬೇಡ.

ತಮ್ಮ


ಏಪ್ರಿಲ್ ೨೯

ತಮ್ಮ,

"ಸರಿ" ಅನ್ನುವ ಒಂದು ಮಾತು ಬರೆದು ಕಳಿಸಿದೆ. ನಾಲ್ಕು ಪುಟ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಜೊತೆಗೆ ಇಟ್ಟಿದ್ದೇನೆ ನೋಡು. ಲಕೋಟೆ ಅಂಟಿಸಿಲ್ಲ, ನೀನೇ ಓದು, ವಕೀಲರಿಗೂ ಓದಿಸು, ಎಲ್ಲಿ ಏನು ಸೇರಿಸಬೇಕೋ ಸೇರಿಸು ಅಂತ ಕೆಳಗೆ ಜಾಗ ಬಿಟ್ಟು ಸಹಿ ಹಾಕಿದ್ದೇನೆ. ಹೊಲಿಗೆ ಯಂತ್ರ ಇಲ್ಲ, ದುರಸ್ತಿ ಇಲ್ಲ, ಎಲ್ಲಾ ಈ ಮುದುಕಿ ಕಟ್ಟಿದ ಕಥೆ ಅಂತ ಬರೆದಿದ್ದೇನೆ. ನನಗೆ ಅರಳುಮರಳು ಅಂತಲೂ ಬರೆದೆ. ಬರೆದಾದ ಮೇಲೆ ಕೈ ತೊಳೆದುಕೊಂಡೆ, ಯಾಕೋ ಗೊತ್ತಿಲ್ಲ.

ಇಪ್ಪತ್ತಮೂರಕ್ಕೇ ನಿನ್ನ ಕಾಗದ ಬಂದಿತ್ತು. ಆರು ದಿನ ಬೇಕಾಯಿತು ನನಗೆ. ದಿನಾ ಬೆಳಿಗ್ಗೆ ಇವತ್ತು ಬರೆಯುತ್ತೇನೆ ಅಂದುಕೊಂಡು ಸಂಜೆ ನಾಳೆ ಅನ್ನುತ್ತಿದ್ದೆ. ಹೋಂವರ್ಕಿನ ವಿಷಯಕ್ಕೆ ನಿನ್ನನ್ನು ಆಡಿಕೊಂಡವಳು. ಕೊರಿಯರಿನವನು ಮೂರು ದಿನಕ್ಕೆ ಸೇರಿಸುತ್ತೇನೆ ಅಂದಿದ್ದಾನೆ. ಸೇರಿದ ತಕ್ಷಣ ಹೇಗಾದರೂ ತಿಳಿಸು. ನಾನು ಬಾಗಿಲಲ್ಲೇ ಇರುತ್ತೇನೆ.

ಅಕ್ಕ


ಮೇ ೫

ಅಕ್ಕನಿಗೆ ನಮಸ್ಕಾರ.

ಕಾಗದ ನಿನ್ನೆ ಸೇರಿತು. ನಡುವೆ ಶನಿವಾರ, ಭಾನುವಾರ ಬಂತು, ಕೊರಿಯರಿನವನ ತಪ್ಪೂ ಅಲ್ಲ. ಆದರೂ ವಕೀಲರ ಹತ್ತಿರ ಓಡಿದೆ. ಅವರು ಓದಿ, ಮಡಿಸಿ, ನನ್ನ ಕೈಗೇ ಕೊಟ್ಟರು. ಎರಡು ದಿನ ತಡವಾದರೂ ಅಷ್ಟೇ, ಎರಡು ವರ್ಷವಾದರೂ ಅಷ್ಟೇ ಅಂದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಹೊತ್ತಿಗೆ ಬಂದಿದ್ದರೂ ಹೆಚ್ಚೇನೂ ಆಗುತ್ತಿರಲಿಲ್ಲ ಅಂತಲೂ ಹೇಳಿದರು. ಇದು ಅವರು ನಿಜವಾಗಿ ಹೇಳಿದ್ದು, ನಿನ್ನ ಸಮಾಧಾನಕ್ಕೆ ನಾನು ಕಟ್ಟಿದ್ದಲ್ಲ.

ಒಂಬತ್ತನೇ ತಾರೀಖಿನ ವಿಮಾನ. ಬೇರೆಲ್ಲಿಗೆ ಹೋಗಲಿ, ನಿನ್ನ ಮನೆಗೇ ಬರುತ್ತೇನೆ. ಹಿಂದಿನ ಕೋಣೆ ಖಾಲಿ ಇದ್ದರೆ ಸಾಕು.

ಹಠ ಮಾಡಿ ಉಳಿದುಬಿಡಲೇ ಅಂತ ಯೋಚಿಸಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಆರೈಕೆ ಮನೆಯ ಬಾಗಿಲಲ್ಲಿ ವೀಸಾ ಸಂಖ್ಯೆ ಬರೆದರೇ ಒಳಗೆ ಬಿಡುವುದು. ಉಳಿದರೂ ಅವಳನ್ನು ನೋಡಲು ಆಗುವುದಿಲ್ಲ. ಓಣಿಯಲ್ಲಿ ಕಳ್ಳನ ಹಾಗೆ ಅಡಗಿ ಕೂತು ಏನು ಮಾಡಲಿ?

ಇವತ್ತು ಸಂಜೆ ಹೋಗುವಾಗ ಬಟ್ಟೆಕೋಣೆಯ ಮುಂದೆ ಮತ್ತೆ ಹೊಲಿಗೆ ಬಿಟ್ಟು ಬಿಟ್ಟು ಬೀಳುವ ಸದ್ದು. ಕೊನೆಯ ಯಂತ್ರದ್ದು, ನನಗೆ ಗೊತ್ತು. ಐದು ನಿಮಿಷದ ಕೆಲಸ. ಕಿವಿ ಮುಚ್ಚಿಕೊಂಡು ಹೋದೆ.

ರೇಡಿಯೋಗೆ ಏನೂ ಹೇಳಿಲ್ಲ. ಹೇಳಲು ಬಾಯಿ ತೆಗೆದೆ. ನನ್ನ ಬೆರಳು ಹಿಡಿದಿದ್ದಳು. ಅವಳ ಉಗುರು ಕತ್ತರಿಸಿ, ತಲೆ ಬಾಚಿ ಬಂದೆ. ಇನ್ನು ಮೂರು ಸಂಜೆ ಇವೆ.

ತಮ್ಮ


ಜುಲೈ ೨

ಅಕ್ಕ,

ಒಂದೇ ಸೂರಿನಡಿ ಕೂತು ಕಾಗದ ಬರೆಯುತ್ತಾನಲ್ಲ, ಇವನಿಗೆ ತಲೆ ಕೆಟ್ಟಿತೇ ಅನ್ನಬೇಡ. ಉಪ್ಪು ಮುಗಿದಿದೆ, ನಲ್ಲಿ ಸೋರುತ್ತಿದೆ ಅಂತ ನಿನ್ನ ಎಡಗಿವಿಗೆ ಕೂಗಿ ಹೇಳಬಲ್ಲೆ. ಇದನ್ನು ಕೂಗಿ ಹೇಳಲು ನನ್ನಿಂದ ಆಗುವುದಿಲ್ಲ. ಬಂದು ಏಳು ವಾರ ಆಯಿತು, ಆ ಪತ್ರಗಳ ಮಾತು ನೀನೂ ಎತ್ತಿಲ್ಲ, ನಾನೂ ಎತ್ತಿಲ್ಲ. ಎತ್ತುವುದಕ್ಕೆ ಈಗಲೂ ಬರೆಯುತ್ತಿಲ್ಲ.

ಒಂಬತ್ತು ದಿನದಿಂದ ಬೆಳಿಗ್ಗೆ ಹೊತ್ತಿಗೆ ನಾನು ಫೋನು ಹಿಡಿದುಕೊಂಡು ಹಿತ್ತಲಿಗೆ ಹೋಗುವುದನ್ನು ನೀನು ನೋಡಿದ್ದೀಯ. ಯಾರದು ಅಂದಾಗ ಹಳೇ ಕಾರ್ಖಾನೆಯವರದು ಅಂದೆ. ಅದು ಸುಳ್ಳು.

ಮೊದಲ ದಿನ ದರ್ಜಿಯಮ್ಮ ಫೋನು ಮಾಡಿದಳು. "ನಿಮ್ಮ ಹೆಂಡತಿ ಏನೋ ಹೇಳ್ತಿದಾರೆ. ನೆನ್ನೆಯಿಂದ ಒಂದೇ ಮಾತು. ನಿಮ್ಮ ಭಾಷೆ, ಇಲ್ಲಿ ಯಾರಿಗೂ ಅರ್ಥ ಆಗ್ತಿಲ್ಲ. ನೋವು ಅಂತಿದಾರೋ, ನೀರು ಅಂತಿದಾರೋ ಕೇಳಿ ಹೇಳಿ" ಅಂತ ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದಳು.

ಅಕ್ಕ, ರೇಡಿಯೋ ಮಾತಾಡುತ್ತಿದ್ದಾಳೆ. ಹದಿನೆಂಟು ತಿಂಗಳಾದ ಮೇಲೆ. ನಾಲಿಗೆ ದಪ್ಪ, ಅರ್ಧ ಮಾತು ನುಂಗಿಹೋಗುತ್ತದೆ, ಆದರೂ ಅವಳದೇ ದನಿ. "ರೀ, ಎಲ್ಲಿದೀರಿ? ಹತ್ತು ಗಂಟೆ ಆಯ್ತಲ್ಲ, ಯಾಕೆ ಬಂದಿಲ್ಲ?" ಇದೊಂದೇ ಮಾತು. ಅಲ್ಲಿಯ ಭಾಷೆ ಅವಳಿಗೆ ಪೂರ್ತಿ ಹೋಗಿದೆ. ದರ್ಜಿಯಮ್ಮ ಏನು ಸಮಾಧಾನ ಹೇಳಿದರೂ ಅವಳಿಗೆ ತಿಳಿಯುವುದಿಲ್ಲ, ಅವಳು ಏನು ಕೇಳಿದರೂ ಅಲ್ಲಿಯವರಿಗೆ ತಿಳಿಯುವುದಿಲ್ಲ.

ನಾನು "ಬಂದೆ ಕಣೇ, ದಾರಿಯಲ್ಲಿದೀನಿ" ಅಂದುಬಿಟ್ಟೆ. "ಬೇಗ ಬನ್ನಿ" ಅಂದು ಸುಮ್ಮನಾದಳು. ಮಾರನೇ ದಿನ ಹತ್ತಕ್ಕೆ ಮತ್ತೆ ಅದೇ ಮಾತು, ನಿನ್ನೆಯದು ನೆನಪಿಲ್ಲ. ನಾನು ಮತ್ತೆ ದಾರಿಯಲ್ಲಿದ್ದೀನಿ ಅಂದೆ. ಒಂಬತ್ತು ದಿನದಿಂದ ದಾರಿಯಲ್ಲೇ ಇದ್ದೇನೆ. ಐದು ವರ್ಷ ಆ ಬಾಗಿಲು ನನಗೆ ತೆರೆಯುವುದಿಲ್ಲ, ಅಷ್ಟು ದಿನ ಅವಳು ಇರುವುದಿಲ್ಲ ಅಂತ ವೈದ್ಯರೇ ಹೇಳಿದ್ದಾರೆ.

ನಿನ್ನೆ ಮಾತ್ರ ಅವಳು ಇನ್ನೊಂದು ಮಾತು ಸೇರಿಸಿದಳು. "ನನ್ನ ಬಿಟ್ಟು ಹೋದ್ರಾ?" ಅಂದಳು. ನಾನು ಫೋನು ಕೆಳಗಿಟ್ಟೆ. ಇವತ್ತು ಅದು ಹೊಡೆದುಕೊಳ್ಳುತ್ತಲೇ ಇತ್ತು, ಎತ್ತಲಿಲ್ಲ. ನಿನ್ನ ಪಕ್ಕದಲ್ಲೇ ಹೊಡೆದುಕೊಳ್ಳುತ್ತಿತ್ತು.

ನಿಜ ಹೇಳಿಬಿಡಲೇ? ನನ್ನನ್ನು ಓಡಿಸಿದರು, ಇನ್ನು ಬರಲಾರೆ, ನಾನಾಗಿ ಬಿಟ್ಟು ಹೋಗಲಿಲ್ಲ ಅಂತ ಹೇಳಲೇ? ಹೇಳಿದರೆ ಅವಳಿಗೆ ತಿಳಿಯುತ್ತದೆಯೇ, ತಿಳಿದರೆ ತಡೆಯುತ್ತಾಳೆಯೇ, ಮಾರನೇ ದಿನ ಮರೆತು ಮತ್ತೆ ಕೇಳಿದರೆ ದಿನಾ ಹೊಸದಾಗಿ ಹೇಳುತ್ತಾ ಕೂರಲೇ? ನನಗೆ ಬುದ್ಧಿ ಓಡುತ್ತಿಲ್ಲ. ಹೇಗೂ ದೊಡ್ಡವಳು ನೀನೇ. ನಾಳೆ ಹತ್ತು ಗಂಟೆಗೆ ಮತ್ತೆ ಫೋನು ಬರುತ್ತದೆ.

ತಮ್ಮ


ಜುಲೈ ೨

ತಮ್ಮ,

ನಿನ್ನ ಹಾಳೆಯ ಕೆಳಗೇ ಬರೆಯುತ್ತಿದ್ದೇನೆ. ಮೂರು ಸಲ ಓದಿದೆ. ಅವಳು ಮಾತಾಡಿದ್ದನ್ನು ನಾನು ಕೇಳಿಸಿಕೊಳ್ಳಲಾರೆ ಅಂತ ಅಳು ಬಂತು.

ಅಕ್ಕ ನಿಜ ಹೇಳು ಅನ್ನುತ್ತಾಳೆ ಅಂತ ನೀನು ಹೆದರಿದ್ದೀಯ. ನ್ಯಾಯವೇ. ನಾನು ಹೇಳಿದ ನಿಜವೇ ಅವಳನ್ನು ಆ ಹಾಸಿಗೆಯಲ್ಲಿ ಒಂಟಿಯಾಗಿ ಮಲಗಿಸಿದೆ.

ನಾಳೆ ಫೋನು ಎತ್ತು. ನನ್ನ ಪಕ್ಕ ಕೂತೇ ಮಾತಾಡು, ಹಿತ್ತಲಿಗೆ ಹೋಗಬೇಡ. ದಾರಿಯಲ್ಲಿದ್ದೀನಿ ಅಂತಲೇ ಹೇಳು. ನಾಡಿದ್ದೂ ಹಾಗೇ ಹೇಳು, ಅವಳು ಕೇಳುವಷ್ಟು ದಿನವೂ ಹೇಳು. ಬಿಟ್ಟು ಹೋದ್ರಾ ಅಂದರೆ, ಇಲ್ಲ ಕಣೇ, ಬಸ್ಸು ತಡವಾಯಿತು ಅನ್ನು.

ಅಕ್ಕ